ಪಟ್ಟದ ಗೊಂಬೆಯೂ ಫ್ರಾನ್ಸಿನ ರಾಜರೂ

೧. "ಈ ಜೋಡೀನ ಯಾವತ್ತೂ ಅಗಲಿಸಲ್ಲ ಕಣಮ್ಮ" ಎಂದು ಶಾಮಲಾ ಧಾರೆ ಸೀರೆಯಲ್ಲೇ ನಿಂತು ತಾಯಿ ವಸಂತಲಕ್ಷ್ಮಿಗೆ ಮಾತು ಕೊಟ್ಟಿದ್ದಳು. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳು: ಮರದ ರಾಜ, ಮರದ ರಾಣಿ. ಪ್ರತಿ ದಸರೆಗೂ ಮೇಲಿನ ಮೆಟ್ಟಿಲು ಅವರದೇ.

(ಕಥೆ ಇಲ್ಲಿಂದ ಶುರುವಾಗಬೇಕೇ? ಮೊದಲ ಡ್ರಾಫ್ಟ್ ಹನ್ನೆರಡನೇ ಶತಮಾನದ ಪ್ಯಾರಿಸ್‌ನಲ್ಲಿ ಕುದುರೆಗಳ ಸಮೇತ ಶುರುವಾಗಿತ್ತು. ನನಗೆ ಕುದುರೆ ಬರೆಯಲು ಬರುವುದಿಲ್ಲ. ಕೈಬಿಟ್ಟೆ.)

೨. ಅಮೆರಿಕದ ಇಸ್ಸಾಕ್ವಾ, ೨೦೧೪ರ ದಸರೆ. ಗಂಡ ಲಕ್ಷ್ಮೀಕಾಂತ ಒಬ್ಬನೇ ಪಕ್ಕದೂರು ರೆಂಟನ್ನಿಗೆ ಮನೆ ಬದಲಿಸಿ ವರ್ಷವಾಗಿದೆ. ಗೊಂಬೆಗಳು ಮಾತ್ರ ಜೋಡಿಯಾಗಿಯೇ ನಿಂತಿವೆ. ನೋಡಿದಾಗಲೆಲ್ಲ ಶಾಮಲಾಳಿಗೆ ತಾನೇ ಸುಳ್ಳು ಹೇಳಿದಂತಾಗುತ್ತದೆ.

ಮಗಳು ಜಾಹ್ನವಿಗೆ ಹೋಮ್‌ವರ್ಕ್: ಮಧ್ಯಯುಗದ ಫ್ರೆಂಚ್ ರಾಜರಲ್ಲಿ ಯಾರು ಹೆಚ್ಚು ಸಮರ್ಥ? ಟಿಶ್ಯೂ ರೋಲಿಗೆ ಕಿರೀಟ ಅಂಟಿಸಿ ಅವರನ್ನೂ ಮೆಟ್ಟಿಲು ಹತ್ತಿಸುತ್ತಿದ್ದಾಳೆ. ಆರು ತಿಂಗಳಿಗೆಂದು ಬಂದಿರುವ ಅಜ್ಜಿ ವಸಂತಲಕ್ಷ್ಮಿಯೇ ಪರೀಕ್ಷಕಿ.

"ಫಿಲಿಪ್ ಅಗಸ್ಟಸ್ ಟಾಪ್, ಅಜ್ಜಿ. ಹಿ ಟುಕ್ ನಾರ್ಮಂಡಿ. ಹಿ ಪೇವ್ಡ್ ಪ್ಯಾರಿಸ್."

"ರೋಡ್ ಹಾಕ್ಸಿದ್ನಾ? ಪರ್ವಾಗಿಲ್ವೇ! ಹೆಂಡ್ತಿ ಎಲ್ಲಿ?"

"ಅಂ... ಹಿ ಡಂಪ್ಡ್ ಹರ್. ಮದುವೆ ನೆಕ್ಸ್ಟ್ ಡೇ."

"ಇಳ್ಸು ಅವ್ನನ್ನ!"

"ಅಜ್ಜೀ! ದಟ್ಸ್ ನಾಟ್ ಫೇರ್! ಓಕೆ, ಲೂಯಿ ದ ನೈಂತ್. ಕ್ರುಸೇಡ್‌ಗೆ ವೈಫ್‌ನೂ ಕರ್ಕೊಂಡು ಹೋದ. ಬಟ್ ಹಿ ಗಾಟ್ ಕ್ಯಾಪ್ಚರ್ಡ್."

"ಸಿಕ್ಕಾಕ್ಕೊಂಡ್ರೇನು, ಕರ್ಕೊಂಡ್ ಹೋದ್ನಲ್ಲ. ಎರಡನೇ ಮೆಟ್ಲು. ಮೇಲೆ ನಮ್ ರಾಜನೇ ಇರ್ಲಿ. ಒಂದಿನಾನಾದ್ರೂ ರಾಣೀನ ಬಿಟ್ಟು ಹೋಗಿದಾನಾ?"

ಹೇಳಿದ ಮೇಲೆ ಅಜ್ಜಿಗೆ ತನ್ನ ಮಾತು ತನಗೇ ಕೇಳಿಸಿತು.

೩. ಮುಕ್ತಾಯ, ಒಂದನೇ ನಮೂನೆ: ಬೆಲ್ ಆಗುತ್ತದೆ. ಬಾಗಿಲಲ್ಲಿ ಲಕ್ಷ್ಮೀಕಾಂತ.

("ರೀ, ಈ ಹೊತ್ತಲ್ಲಿ ಫೋರ್ ನಾಟ್ ಫೈವ್ ಹೈವೇ ಟ್ರಾಫಿಕ್ ನೋಡಿದೀರಾ?" ಎಂದು ಶಾಮಲಾ ನನ್ನನ್ನೇ ಕೇಳಿದಳು. ಹೊಡೆದುಹಾಕಿದೆ.)

ಎರಡನೇ ನಮೂನೆ: ಅಜ್ಜಿಯೇ ರಾಜನನ್ನು ಇಳಿಸುತ್ತಾಳೆ.

("ಬೇಡ. ಮಾತು ಕೊಟ್ಟೋಳು ನಾನು. ನೀವು ಸುಮ್ನೆ ಬರ್ಕೊಳ್ಳಿ.")

ಸರಿ, ಬರೆದುಕೊಂಡೆ. ಶಾಮಲಾ ಮರದ ರಾಜನನ್ನು ಎರಡೂ ಕೈಯಲ್ಲಿ ಎತ್ತಿ, ಟೀ ಶರ್ಟಿನ ಅಂಚಿನಿಂದ ಮುಖ ಒರೆಸಿ, ಎರಡನೇ ಮೆಟ್ಟಿಲಲ್ಲಿ ಲೂಯಿಯ ಪಕ್ಕ ನಿಲ್ಲಿಸಿದಳು. ತಾಯಿ ರಾಣಿಯನ್ನು ಒಂದಿಷ್ಟು ಸರಿಸಿ ನಡುಮಧ್ಯಕ್ಕೆ ತಂದಳು.

"ಸೋ, ಹೂ ವಾಸ್ ದ ಬೆಸ್ಟ್ ಕಿಂಗ್?" ಜಾಹ್ನವಿ ಪೆನ್ಸಿಲ್ ಕಚ್ಚುತ್ತ ಕೇಳಿದಳು.

"ಆರತಿ ತಟ್ಟೆ ತಗೊಂಬಾ ಪುಟ್ಟೀ" ಎಂದಳು ಅಜ್ಜಿ.

(ಉತ್ತರ ನನಗೂ ಗೊತ್ತಿಲ್ಲ. ಹೋಮ್‌ವರ್ಕ್ ನನ್ನದಲ್ಲ.)

ಕೊಟ್ಟ ಮಾತು ಮುರಿಯಿತು.