ತಿರುಗುವ ಕಡ್ಡಿ, ಜಾರುವ ಮಣಿ

ಮುರುಗಪ್ಪ ಎರಡನೇ ಮೊಳೆ ಹೊಡೆಯುತ್ತಿದ್ದಂತೆ ಗೋಡೆಯ ಮಣ್ಣು ಕಿತ್ತು ಬಂದು ಸತ್ತ ಅಣ್ಣನ ಹೆಗಲ ಮೇಲೆ ಉದುರಿತು. ಸುತ್ತಿಗೆ ಬಿಸಾಕಿ ಹೆಗಲು ಒರೆಸಿದ. ವಾಲದಂತೆ ಮೊದಲ ಮೊಳೆಗೆ ಕಟ್ಟಿದ್ದ ಬಟ್ಟೆ ಸಡಿಲವಾಗಿ ಚಿತ್ರಲಿಂಗಪ್ಪ ಮೇಷ್ಟ್ರ ದೇಹ ಬಲಕ್ಕೆ ವಾಲಿತು.

"ಈ ಗೋಡೆ ಮೊಳೆ ಹಿಡಿಯಲ್ಲ. ಪಕ್ಕದ ಗೋಡೆಗೆ ಕೂರಿಸಾಣ ಅಂದ್ರೆ ಅಲ್ಲಿ ಕಿಟಕಿ," ಎಂದು ಮುರುಗಪ್ಪ ಗೊಣಗಿದ.

ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುವುದು ಅವರ ಪದ್ಧತಿ. ಹೊಳಲ್ಕೆರೆಯ ಆ ಮನೆಯ ಪಡಸಾಲೆಯಲ್ಲಿ ಒರಗಿಸಲು ಇದ್ದದ್ದು ಒಂದೇ ಗೋಡೆ. ಆ ಗೋಡೆಗೆ ಮೇಷ್ಟ್ರು ಹಿಂದೆಯೇ ಕಪ್ಪು ಬಣ್ಣ ಬಳಿಸಿ ಬೋರ್ಡು ಮಾಡಿಕೊಂಡಿದ್ದರು. ಎಂಜಿನಿಯರಿಂಗ್‌ನಲ್ಲಿ ಫೇಲಾದ ಹುಡುಗರು ಸುತ್ತಲಿನ ಊರುಗಳಿಂದ ಟ್ಯೂಷನ್ನಿಗೆ ಬಂದು ಆ ಗೋಡೆಯ ಮುಂದೆ ಚಾಪೆ ಹಾಸಿ ಕೂರುತ್ತಿದ್ದರು. ಈಗ ಅದೇ ಚಾಪೆಯ ಮೇಲೆ ಹೆಂಗಸರು ಕೂತು ಅಳುತ್ತಿದ್ದರು.

ಚೇತನ್‌ಕುಮಾರ್ ಬಾಗಿಲ ಬಳಿ ನಿಂತು ಬೋರ್ಡನ್ನೇ ನೋಡುತ್ತಿದ್ದ. ಎಡಗಡೆ ಚಿತ್ರ ಕಾಣುತ್ತಿತ್ತು. ಒಂದು ಚುಕ್ಕೆ, ಅದರ ಸುತ್ತ ತಿರುಗುವ ಒಂದು ಕಡ್ಡಿ, ಕಡ್ಡಿಯ ಮೇಲೆ ಹೊರಕ್ಕೆ ಜಾರುವ ಒಂದು ಮಣಿ. ಮಣಿ ಸಾಗಿದ ದಾರಿಯನ್ನು ಬಾಗಿದ ಗೆರೆಯಲ್ಲಿ ಬರೆದಿತ್ತು. ಲೆಕ್ಕ ಬಿಡಿಸಿದ್ದು ಬಲಗಡೆ. ಅದಕ್ಕೆ ಬೆನ್ನು ಕೊಟ್ಟು ಮೇಷ್ಟ್ರು ಕೂತಿದ್ದರು.

ಹಿಂದಿನಿಂದ ಬಾಲರಾಜು ಅವನ ಅಂಗಿ ಜಗ್ಗಿದ. ಆದಿವಾಲದ ಕುರಿಗಾರರ ಹುಡುಗ, ಇವನ ಜೊತೆಯಲ್ಲೇ ಫೇಲಾದವನು.

"ಹೂವಿನ ಹಾರ ಹಾಕ್ದಂಗಾತಲ್ಲ, ಬಾರಲೇ. ಹತ್ತಕ್ಕೆ ಪೇಪರ್ ಐತೆ. ದುರ್ಗಕ್ಕೆ ಹೋಗಿ ಮುಟ್ಬೇಕು."

"ಒಂದ್ನಿಮಿಷ ತಡಿ."

"ತಡಿ ಅಂದ್ರೆ ಬೋರ್ಡು ತಡಿತೈತೆ, ಯೂನಿವರ್ಸಿಟಿ ತಡಿಯಲ್ಲ. ಹಳೇ ಸ್ಕೀಮಿನವರಿಗೆ ಇದೇ ಕೊನೇ ಸಲ ಅಂತ ನೋಟೀಸ್ ಹಾಕಿಲ್ವೇನು? ಇವತ್ತು ಬರೀಲಿಲ್ಲ ಅಂದ್ರೆ ಓದಿದ್ದೆಲ್ಲ ನೀರಾಗೆ."

ಚೇತನ್‌ಗೂ ಗೊತ್ತಿತ್ತು. ಮಿಕ್ಕ ಪೇಪರುಗಳೆಲ್ಲ ಮುಗಿದಿದ್ದವು. ಉಳಿದದ್ದು ಇದೊಂದು, ಮೆಕ್ಯಾನಿಕ್ಸ್. ಅದರಲ್ಲಿ ಅವನನ್ನು ಪ್ರತಿಸಲ ಕೆಡವಿದ್ದು ಈ ಕಡ್ಡಿ ಮತ್ತು ಮಣಿಯೇ. ಹೊಸದುರ್ಗದಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಪ್ಪ ಈ ಸಲ ಬೈದೂ ಇರಲಿಲ್ಲ. ಗಿರಣಿಯ ಬೆಲ್ಟಿನ ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿಸಿದ್ದ, ಅಷ್ಟೇ.

*

ಹಿಂದಿನ ಸಂಜೆ ಮೇಷ್ಟ್ರು ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತಿದ್ದರು. ಬಾಕಿ ಹುಡುಗರೆಲ್ಲ ಹೋಗಿ ಚೇತನ್ ಒಬ್ಬನೇ ಉಳಿದಿದ್ದ.

"ಮಣಿ ಎಲ್ಲೈತೆ ಅಂತ ಹೇಳಾಕೆ ಏನೇನು ಬೇಕು?"

"ಚುಕ್ಕೆಯಿಂದ ಎಷ್ಟು ದೂರ ಐತೆ ಅನ್ನೋದು, ಆರ್. ಕಡ್ಡಿ ಎಷ್ಟು ತಿರುಗೈತೆ ಅನ್ನೋದು, ತೀಟಾ."

"ಸರಿ. ಪೋಲಾರ್ ಅಂದ್ರೆ ಅಷ್ಟೇ. ಈಗ ಮಣಿ ಹೊರಕ್ಕೂ ಜಾರ್ತೈತೆ, ಸುತ್ತಾನೂ ತಿರುಗ್ತೈತೆ. ಕಡ್ಡಿ ಅದನ್ನ ಪಕ್ಕಕ್ಕೆ ತಳ್ತೈತೆ. ಆ ತಳ್ಳು ಎಷ್ಟು?"

ಚೇತನ್ ಬರೆದ. ಮೇಷ್ಟ್ರು ನೋಡಿ ಹಣೆ ಹಿಡಿದುಕೊಂಡರು.

"ಅರ್ಧ ಬರ್ದೀಯ. ಮುಂದೆ ಎರಡು ಅಂತ ಬರ್ಬೇಕು. ಎಲ್ಲಿ ಹೋತು ಆ ಎರಡು?"

"ಮರ್ತೆ ಸಾರ್. ಸೂತ್ರದಾಗೆ ಐತೆ."

"ಸೂತ್ರದಾಗೆ ಎಲ್ಲಿಂದ ಬಂತು?"

"ಸೂತ್ರದಾಗೆ ಮೊದ್ಲಿಂದ್ಲೂ ಐತಲ್ಲ ಸಾರ್."

ಸೀಮೆಸುಣ್ಣ ಚೇತನ್ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. "ಮೊದ್ಲಿಂದ್ಲೂ ಇರಾಕೆ ಅದೇನು ಬೆಟ್ಟನೇನಲೇ? ಬಾಯಿಪಾಠ ಮಾಡಿದ್ದು ಪರೀಕ್ಷೆ ಹಾಲಿನ ಬಾಗ್ಲಲ್ಲೇ ಉದುರಿಹೋಗ್ತೈತೆ. ಯಾಕೆ ಎರಡು ಅಂತ ಒಂದು ಸಲ ಮೈಗೆ ತಾಕ್ಬೇಕು, ಆಮೇಲೆ ಮರಿ ಅಂದ್ರೂ ಮರಿಯಲ್ಲ."

ಇನ್ನೊಂದು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಬಲಗಡೆ ಬರೆಯತೊಡಗಿದರು. ನಡುವೆ ನಿಂತು ಕುತ್ತಿಗೆ ತಿಕ್ಕಿಕೊಂಡರು.

"ತಲೆ ಸಿಡಿತೈತೆ. ಬೆಳಗ್ಗೆ ಆರಕ್ಕೆ ಬಾ. ಇದೊಂದು ತೋರಿಸಿ ಕಳಿಸ್ತೀನಿ."

ಬೆಳಗ್ಗೆ ಆರಕ್ಕೆ ಬಂದಾಗ ಅಂಗಳದಲ್ಲಿ ಬೆಂಕಿ ಹಾಕಿದ್ದರು.

*

"ಯಾರಾದ್ರೂ ಹಿಂದೆ ಕುಂತು ಹಿಡ್ಕಳ್ರಪ್ಪ. ಅಯ್ಯನವರು ಬಂದು ತಲೆ ಮೇಲೆ ಪಾದ ಇಡಾತನಕ ನೆಟ್ಟಗೆ ಕುಂತಿರಬೇಕು," ಎಂದ ಮುರುಗಪ್ಪ.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಚೇತನ್ ಹೆಂಗಸರನ್ನು ದಾಟಿ ಮುಂದೆ ಬಂದಿದ್ದ.

"ನಾನು ಹಿಡ್ಕಂತೀನಿ."

ಅವನ ಲೆಕ್ಕ ಸರಳವಾಗಿತ್ತು. ಹಿಂದೆ ಸೇರಿಕೊಂಡರೆ ಬೋರ್ಡು ಕಾಣುತ್ತದೆ. ಓದಿಕೊಂಡು, ಬೇರೆಯವರ ಕೈಗೆ ಕೊಟ್ಟು ಹೊರಟರಾಯಿತು. ಬಾಗಿಲಲ್ಲಿ ಬಾಲರಾಜು ಬೇಡ ಎಂಬಂತೆ ತಲೆಯಾಡಿಸುತ್ತಿದ್ದ. ಚೇತನ್ ಆ ಕಡೆ ನೋಡಲಿಲ್ಲ. ಗೋಡೆಗೂ ದೇಹಕ್ಕೂ ನಡುವೆ ತೂರಿ, ಮೇಷ್ಟ್ರ ಕಂಕುಳಲ್ಲಿ ಎರಡೂ ಕೈ ಹಾಕಿ ಎದೆಗೆ ಒರಗಿಸಿಕೊಂಡ. ದೇಹ ತಣ್ಣಗಿತ್ತು, ನೆನೆದ ಮೂಟೆಯಷ್ಟು ಭಾರವಿತ್ತು. ಕತ್ತು ತಿರುಗಿಸಿ ಕೆನ್ನೆಯನ್ನು ಗೋಡೆಗೆ ಹತ್ತಿಸಿ ನೋಡಿದ.

ಮೂರು ಸಾಲು ಇದ್ದವು. ಮೊದಲ ಎರಡು ಅವನಿಗೆ ಗೊತ್ತಿದ್ದವೇ. ಮೂರನೆಯದರಲ್ಲಿ ಬರೀ ಸಮ ಚಿಹ್ನೆ. ಅದರ ಮುಂದೆ ಏನೂ ಇರಲಿಲ್ಲ. ತಲೆ ಸಿಡಿಯುತ್ತದೆ ಎಂದು ಮೇಷ್ಟ್ರು ಕೈಬಿಟ್ಟದ್ದು ಅಲ್ಲೇ.

"ಕಾಕಾ, ಇನ್ಯಾರಾದ್ರೂ ಬಂದು ಹಿಡ್ಕಳ್ಳಿ. ನಂಗೆ ಸ್ವಲ್ಪ ಅರ್ಜೆಂಟು," ಎಂದ ಮೆಲ್ಲಗೆ.

ಮುರುಗಪ್ಪ ಬಗ್ಗಿ ಅವನ ಮುಖ ನೋಡಿದ. "ಅರ್ಜೆಂಟು ಇದ್ದೋನು ಯಾಕಪ್ಪ ಹಿಡ್ದಿ? ನಮ್ಮ ಮನೆತನದಾಗೆ ಹಿಡಿದ ಕೈ ಬದಲಾಯಿಸಂಗಿಲ್ಲ. ಗುಂಡಿಗೆ ಇಳಿಸಾತನಕ ಒಂದೇ ಕೈ. ನಮ್ಮಪ್ಪನ್ನ ಹಂಗೇ ಒಯ್ದಿದ್ದು."

"ಅಲ್ಲ, ನಂಗೆ ಪದ್ಧತಿ ಗೊತ್ತಿರಲಿಲ್ಲ."

"ಈಗ ಗೊತ್ತಾತಲ್ಲ, ಕುಂತ್ಕ."

ಚೇತನ್ ಪರೀಕ್ಷೆ ಎಂದು ಹೇಳಲು ಬಾಯಿ ತೆರೆದ. ಅದೇ ಹೊತ್ತಿಗೆ ಮೇಷ್ಟ್ರ ಹೆಂಡತಿ ಯಶೋಧಮ್ಮ ಎದ್ದು ಬಂದು ಗಂಡನ ಎದೆಯ ಮೇಲಿದ್ದ ಅವನ ಕೈಗಳನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿದಳು.

"ಮಕ್ಳಿಲ್ಲ, ಕೊನೇಗೆ ಯಾರು ಹಿಡೀತಾರೆ ಅಂತ ಅವರೂ ಅಂತಿದ್ರು, ನಾನೂ ಅಂತಿದ್ದೆ," ಎಂದಳು. "ನೀನು ಕರೀದೆ ಬಂದು ಹಿಡಿದ್ಯಲ್ಲೋ, ನಮ್ಮಪ್ಪ."

ಅವನು ಬೆರಳಿಗೆ ಬೆರಳು ಹೆಣೆದು ಹಿಡಿತ ಬಿಗಿ ಮಾಡಿದ. ಅಂಗಳದಲ್ಲಿ ಬಾಲರಾಜುವಿನ ಬೈಕು ಎರಡು ಮೂರು ಸಲ ಗುರ್ ಎಂದಿತು, ಕಾದಿತು. ಆಮೇಲೆ ಬೀದಿಗೆ ಇಳಿದು ಸದ್ದು ಸಣ್ಣದಾಗುತ್ತಾ ಹೋಯಿತು.

*

ಅಯ್ಯನವರು ತಡ ಮಾಡಿದರು. ಕೂತ ಗಂಡಸರು ಬೀಡಿ ಹಚ್ಚಿ ಮಾತಿಗಿಳಿದರು. ಚೇತನ್ ಮೇಷ್ಟ್ರ ಹೆಗಲಿನ ಮೇಲಿಂದ ಅವರನ್ನು ನೋಡುತ್ತಾ ಕೇಳಿಸಿಕೊಂಡ.

"ತಿರುವಿನ ಲೆಕ್ಕ ಹೇಳ್ಕೊಡೋ ಮನುಷ್ಯ, ಬಸ್‌ಸ್ಟ್ಯಾಂಡ್ ತಿರುವಿನಾಗೆ ಟಿವಿಎಸ್ ಕೆಡವ್ಕಂಡು ಕಾಲು ಮುರ್ಕಂಡ," ಎಂದ ಪಕ್ಕದ ಮನೆಯ ರಂಗಪ್ಪ.

"ಎತ್ತಾಕೆ ಹೋದ್ರೆ, ಮರಳು ಇತ್ತಪ್ಪ, ಲೆಕ್ಕದಾಗೆ ಮರಳು ಹಿಡ್ದಿರಲಿಲ್ಲ ಅಂದ."

"ಕಾಲೇಜಿನಾಗೆ ಇಟ್ಕಂಡಿದ್ರೆ ಪೆನ್ಶನ್ನಾದ್ರೂ ಬರ್ತಿತ್ತು."

"ಬರೀ ಬಿಎಸ್ಸಿ ಅಂತ ಬಿಡಿಸಿದ್ರು. ಅಲ್ಲಿಗೆ ಹೊಸದಾಗಿ ಬಂದ ಹುಡುಗ ಇವರ ಹತ್ರಾನೇ ಕಲ್ತೋನು."

"ಅದಕ್ಕೂ ಬೇಜಾರು ಮಾಡ್ಕಳಲಿಲ್ಲ ಪುಣ್ಯಾತ್ಮ."

"ಮಾಡ್ಕಂಡಿದ್ರು," ಎಂದಳು ಯಶೋಧಮ್ಮ ಚಾಪೆಯಿಂದ. "ಆರು ತಿಂಗಳು ಆ ಕಾಲೇಜಿನ ರಸ್ತೆ ಬಿಟ್ಟು ಗದ್ದೆ ಬದು ಮೇಲೆ ಪ್ಯಾಟಿಗೆ ಹೋಗ್ತಿದ್ರು. ನಿಮಗೇನು ಗೊತ್ತು."

ಯಶೋಧಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

*

ಯಶೋಧಮ್ಮ ಚೇತನ್‌ಗೆ ಒಂದು ಸಲ ಚುರುಮುರಿ ಕೊಡುತ್ತಾ ಹೇಳಿದ್ದಳು. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಅವಳನ್ನು ಕಣಕ್ಕೆ ಕರೆದುಕೊಂಡು ಹೋಗಿ, ಮೇಟಿಯ ಸುತ್ತ ತಿರುಗುವ ಎತ್ತುಗಳನ್ನು ತೋರಿಸಿ, ಹೊರಗಿನ ಎತ್ತಿಗೇಕೆ ಬೇಗ ದಣಿವು ಎಂದು ಕೇಳಿದ್ದರಂತೆ. ಅವಳು, ಹೊರಗಿನ ಎತ್ತಿಗೆ ವಯಸ್ಸಾಗಿದೆ ಎಂದಿದ್ದಳಂತೆ. ಮೇಷ್ಟ್ರು ಅಲ್ಲೇ ರಾಗಿ ಹುಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಎತ್ತಿಗೆ ನಿಜವಾಗಿ ವಯಸ್ಸಾಗಿತ್ತು.

"ಅವತ್ತಿಂದ ಅವರು ನಂಗೆ ಲೆಕ್ಕ ಹೇಳಿಕೊಡಾಕೆ ಬರ್ಲಿಲ್ಲ ನೋಡು," ಎಂದು ಅವಳೂ ನಕ್ಕಿದ್ದಳು.

*

ಅಯ್ಯನವರು ಬಂದರು. ಪಾದ ಇಟ್ಟರು, ಮಂತ್ರ ಹೇಳಿದರು. ಅಂಗಳದಲ್ಲಿ ನಿಂತ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಬಿದಿರಿನ ಮಂಟಪ ಕಟ್ಟಿ, ಬಾಳೆಕಂದು, ಚೆಂಡುಹೂವು ಸಿಕ್ಕಿಸಿದ್ದರು. ನಾಲ್ಕು ಜನ ಮೇಷ್ಟ್ರನ್ನು ಎತ್ತಿದರು. ಚೇತನ್ ಹಿಡಿದ ಕೈ ಬಿಡದೆ ಅವರೊಡನೆ ತಡವರಿಸುತ್ತಾ ಹೋಗಿ ಮಂಟಪದೊಳಗೆ ಅವರ ಹಿಂದೆ ಕೂತ.

ಟ್ರೇಲರ್ ಕೆಳಗೆ ನಿಂತಿದ್ದ ಯಶೋಧಮ್ಮ ತಲೆಯೆತ್ತಿದಳು. ಏನೋ ನೆನಪಾದಂತಿತ್ತು.

"ಚೇತನಾ, ನಿಂದೇನೋ ಪರೀಕ್ಷೆ ಇವತ್ತೇ ಅಂತಿದ್ರಲ್ಲ?"

"ಮುಂದಿನ ಸಲ ಬರೀತೀನಮ್ಮ."

"ಹೌದಾ," ಎಂದು ಅವಳು ಸಮಾಧಾನದಿಂದ ತಲೆಯಾಡಿಸಿದಳು.

ಭಜನೆಯವರು ಮುಂದೆ, ಟ್ರ್ಯಾಕ್ಟರ್ ಹಿಂದೆ. ಮೇಷ್ಟ್ರ ಹೊಲ ತಾಳ್ಯದ ದಾರಿಯಲ್ಲಿತ್ತು. ಊರು ದಾಟುವ ತನಕ ರಸ್ತೆ ನೆಟ್ಟಗಿತ್ತು. ಭಾರಕ್ಕೆ ಚೇತನ್‌ನ ತೋಳುಗಳು ಜೋಮು ಹಿಡಿದವು. ದುರ್ಗದಲ್ಲಿ ಈಗ ಪ್ರಶ್ನೆಪತ್ರಿಕೆ ಕೊಟ್ಟು ಎಷ್ಟೋ ಹೊತ್ತಾಗಿರುತ್ತದೆ. ಮೂಲೆಯ ಬೆಂಚಿನ ಮೇಲೆ ಅವನ ನಂಬರು ಬರೆದಿರುತ್ತದೆ. ಅಲ್ಲಿ ಯಾರೂ ಇರುವುದಿಲ್ಲ.

ಕೆರೆ ಏರಿಯ ಮೇಲೆ ದಾರಿ ಎಡಕ್ಕೆ ದೊಡ್ಡದಾಗಿ ಬಾಗಿತ್ತು. ಭಜನೆಯವರು ಏರಿಯ ಅಂಚಿಗೆ ಸರಿದು ದಾರಿ ಬಿಟ್ಟಿದ್ದರಿಂದ ಡ್ರೈವರ್ ವೇಗ ಹೆಚ್ಚಿಸಿದ. ಮೇಷ್ಟ್ರು ನಿಧಾನಕ್ಕೆ ಬಲಗಡೆಗೆ, ಟ್ರೇಲರಿನ ಹೊರಗಿನ ಅಂಚಿಗೆ ಜಾರಿದರು. ಇದು ಚೇತನ್‌ಗೆ ಗೊತ್ತಿದ್ದದ್ದೇ, ತಿರುವಿನಲ್ಲಿ ಯಾರೇ ಆದರೂ ಹೊರಕ್ಕೆ ಜಾರುತ್ತಾರೆ. ಕಾಲು ಒತ್ತಿ ಅವರನ್ನು ಜೋರಾಗಿ ಒಳಕ್ಕೆ ಎಳೆದುಕೊಂಡ.

ಎಳೆದದ್ದು ಒಳಕ್ಕೆ. ದೇಹ ಮುಗ್ಗರಿಸಿದ್ದು ಮುಂದಕ್ಕೆ.

ಯಾರೂ ತಳ್ಳಿರಲಿಲ್ಲ. ಡ್ರೈವರ್ ಬ್ರೇಕು ತುಳಿದಿರಲಿಲ್ಲ. ಚೇತನ್ ಮತ್ತೆ ಒಳಕ್ಕೆ ಎಳೆದ. ಮೇಷ್ಟ್ರು ಮತ್ತೆ ಮುಂದಕ್ಕೆ ಹೋದರು, ಯಾವುದೋ ಕೆಲಸಕ್ಕೆ ಎದ್ದು ಹೊರಟವರಂತೆ. ಅಂಚಿನಲ್ಲಿದ್ದಾಗ ಅವರು ಸುತ್ತುತ್ತಿದ್ದದ್ದು ದೊಡ್ಡ ಸುತ್ತು, ವೇಗವೂ ಹೆಚ್ಚು. ಒಳಕ್ಕೆ ಎಳೆದಾಗ ಆ ಹೆಚ್ಚಿನ ವೇಗವನ್ನು ಹೊತ್ತುಕೊಂಡೇ ಬಂದಿದ್ದರು. ಅದು ಒಂದು ಪಾಲು. ಎಳೆಯುತ್ತಿದ್ದ ದಿಕ್ಕೂ ಟ್ರೇಲರಿನ ಜೊತೆ ತಿರುಗುತ್ತಿತ್ತು. ಅದು ಇನ್ನೊಂದು. ಸಮಪಾಲಿನ ಎರಡೂ ಸೇರಿ ಒಂದೇ ಕಡೆಗೆ. ಎಲ್ಲಿ ಹೋತು ಎಂದು ಮೇಷ್ಟ್ರು ಕೇಳಿದ್ದ ಎರಡು ಇದೇ.

ಬೋರ್ಡಿನ ಮೂರನೇ ಸಾಲು ಸಮ ಚಿಹ್ನೆಯಿಂದ ಮುಂದಕ್ಕೆ ತಾನೇ ತಾನಾಗಿ ಬರೆದುಕೊಂಡು ಹೋಯಿತು. ಇಷ್ಟು ವರ್ಷ ಬಾಯಿಪಾಠ ಮಾಡಿ ಕಳೆದುಕೊಂಡದ್ದು ಈಗ ತೋಳಿನಲ್ಲಿತ್ತು. ಒಂದು ಕೈಯಾದರೂ ಬಿಡುವಿದ್ದಿದ್ದರೆ ಎಲ್ಲಾದರೂ ಬರೆದಿಡಬಹುದಿತ್ತು. ಬರೆದು ಮಾಡುವುದಾದರೂ ಏನು.

"ಡ್ರೈವರ್, ಮೆಲ್ಲಗೆ ಹೋಗಯ್ಯ," ಎಂದು ಕೆಳಗಿನಿಂದ ಯಾರೋ ಕೂಗಿದರು. "ಹುಡುಗ ಅಳ್ತಾ ಅವ್ನೆ."

*

ಗುಂಡಿಯ ಒಳಗೆ ಪಕ್ಕದ ಗೋಡೆಯಲ್ಲಿ ಗೂಡು ಕೊರೆದಿದ್ದರು. ಚೇತನ್ ಮೇಷ್ಟ್ರ ಜೊತೆಯಲ್ಲೇ ಇಳಿದು ಅವರನ್ನು ಗೂಡಿನಲ್ಲಿ ಕೂರಿಸಿದ. ವಿಭೂತಿ ಸುರಿದರು, ಪತ್ರೆ ಹಾಕಿದರು.

"ಇನ್ನು ಕೈ ಬಿಡಪ್ಪ," ಎಂದ ಮುರುಗಪ್ಪ ಮೇಲಿನಿಂದ.

ಚೇತನ್ ಬಿಡಲು ನೋಡಿದ, ಆಗಲಿಲ್ಲ. ಒಂದರೊಳಗೊಂದು ಹೆಣೆದ ಬೆರಳುಗಳು ಸೆಟೆದುಕೊಂಡಿದ್ದವು. ಮುರುಗಪ್ಪ ತಾನೇ ಗುಂಡಿಗೆ ಇಳಿದ. ಒಂದೊಂದೇ ಬೆರಳನ್ನು ತಿಕ್ಕಿ ಬಿಡಿಸಿ, ಅವನನ್ನು ಅಣ್ಣನಿಂದ ಬೇರೆ ಮಾಡಿದ. ಹೊರಗೆ ಎಳೆದುಕೊಂಡವರು ಅವನನ್ನು ಬದುವಿನ ಮೇಲೆ ಕೂರಿಸಿದರು. ಹಿಂದೆ ಮಣ್ಣು ಬೀಳುವ ಸದ್ದು ಶುರುವಾಯಿತು.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಕೊಳವೆಬಾವಿಯ ಕಡೆ ಹೋಗುವ ಹೊತ್ತಿಗೆ ಬಾಲರಾಜು ಬಂದ. ಬೈಕು ಹೊಲದಂಚಿಗೆ ಒರಗಿಸಿ, ತಾನೂ ಒಂದು ಹಿಡಿ ಹಾಕಿ, ಚೇತನ್‌ನ ಮುಂದೆ ಕುಕ್ಕರಗಾಲಲ್ಲಿ ಕೂತ. ಜೇಬಿನಿಂದ ಮಡಿಸಿದ ಪ್ರಶ್ನೆಪತ್ರಿಕೆ ತೆಗೆದ.

"ಅದೇ ಬಂದಿತ್ತು ಕಣಲೇ. ಕಡ್ಡಿ, ಮಣಿ. ಇಪ್ಪತ್ತು ಮಾರ್ಕಿಗೆ."

"ಬರೆದ್ಯಾ?"

"ಏನೋ ಬರ್ದೆ. ಉತ್ತರ ಅರ್ಧ ಬಂದಂಗೈತೆ." ಬಾಲರಾಜು ತಲೆ ಕೆರೆದುಕೊಂಡ. "ನೀನಿದ್ದಿದ್ರೂ ಅಷ್ಟೇ ಬರೀತಿದ್ದೆ ಬಿಡು, ಬೇಜಾರು ಮಾಡ್ಕಬೇಡ."

"ತೋರ್ಸು."

ಬಾಲರಾಜು ಪತ್ರಿಕೆ ಬಿಡಿಸಿ ಕೊಡಲು ಹೋದ. ಚೇತನ್‌ನ ಕೈ ಮುಂದೆ ಬರಲಿಲ್ಲ. ತೋಳುಗಳೆರಡೂ ಎದೆಯ ಮುಂದೆ ಯಾರನ್ನೋ ತಬ್ಬಿಕೊಂಡಂತೆ ಬಾಗಿ ನಿಂತಿದ್ದವು. ಬಾಲರಾಜು ಅದನ್ನು ನೋಡಿ, ಪತ್ರಿಕೆಯನ್ನು ತಾನೇ ಅವನ ಮುಖದ ಮುಂದೆ ಹಿಡಿದ. ಚೇತನ್ ಓದಿದ. ಆಮೇಲೆ ಮೊದಲ ಸಾಲಿನಿಂದ ಲೆಕ್ಕ ಹೇಳತೊಡಗಿದ, ಎಲ್ಲೂ ತಡೆಯಲಿಲ್ಲ. ಗಾಳಿಗೆ ಹಾಳೆಯ ತುದಿ ಮಡಚಿಕೊಳ್ಳುತ್ತಿತ್ತು. ಬಾಲರಾಜು ಹೆಬ್ಬೆರಳಿನಲ್ಲಿ ಅದನ್ನು ಒತ್ತಿ ಹಿಡಿದು, ಬಾಯಿ ತೆರೆದು ಅವನನ್ನೇ ನೋಡುತ್ತಾ ಕೂತಿದ್ದ.