ಎಡಗಡೆಯ ಕಿಟಕಿ

ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಗುಮಾಸ್ತನಿಗೆ ಊರವರು ಇಟ್ಟ ಹೆಸರು 'ಎಡಗಡೆ ಸಾರ್'. ಬೆಟ್ಟದ ರೈಲಿಗೆ ಯಾರೇ ಟಿಕೆಟ್ ಕೇಳಲಿ, ಕೌಂಟರಿನ ಕಿಂಡಿಯಿಂದ ಅದೇ ಮಾತು: ಎಡಗಡೆ ಕಿಟಕಿ ಹಿಡೀರಿ, ಹಿಮದ ಶಿಖರ ಕಾಣೋದು ಅಲ್ಲೇ. ಅದರ ಬೆನ್ನಿಗೇ ಕಣಿವೆ, ಜಲಪಾತ, ಬೆಳಗಿನ ಬಿಸಿಲಿಗೆ ಹಿಮ ಕೆಂಪೇರುವ ಬಗೆ, ಎಲ್ಲದರ ವರ್ಣನೆ. ಸಾಲಿನಲ್ಲಿ ಹಿಂದೆ ನಿಂತವರು ಗೊಣಗಿದರೂ ನಿಲ್ಲಿಸುವ ಆಸಾಮಿಯಲ್ಲ. ಇಷ್ಟೆಲ್ಲ ಹೇಳುತ್ತಿದ್ದವನು ಆ ರೈಲು ಹತ್ತಿದವನೇ ಅಲ್ಲ. ಕೌಂಟರಿನ ಗೋಡೆಗೆ ಅಂಟಿಸಿದ್ದ ಒಂದು ಹಳೆಯ ಚಿತ್ರಪಟ, ಒಂದು ರೈಲುಮಾರ್ಗದ ನಕ್ಷೆ, ಇಷ್ಟೇ ಅವನ ಬಂಡವಾಳ.

ಹೆಂಡತಿ ಕರೆದುಕೊಂಡು ಹೋಗಿ ಎಂದು ಕೇಳಿರಲಿಲ್ಲ ಎಂದಲ್ಲ. ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುವ ಕೆಲಸ ಅವಳದು. ಮೂವತ್ತು ವರ್ಷ ತಲೆ ಬಗ್ಗಿಸಿ ಸೂಜಿಯ ಮೊನೆ ನೋಡಿದವಳಿಗೆ ಒಮ್ಮೆ ತಲೆಯೆತ್ತಿ ದೂರದ್ದೇನನ್ನಾದರೂ ನೋಡುವ ಆಸೆ. ನೌಕರರಿಗೆಂದು ವರ್ಷಕ್ಕೊಂದು ಉಚಿತ ಪಾಸು ಬರುತ್ತಿತ್ತು, ಪ್ರತಿ ವರ್ಷವೂ ಅವಧಿ ಮುಗಿದು ಡ್ರಾಯರು ಸೇರುತ್ತಿತ್ತು. ಜನಕ್ಕೆ ರಜೆ ಬಂದಾಗಲೇ ಕೌಂಟರಿನಲ್ಲಿ ನೂಕುನುಗ್ಗಲು. ಹಾಗಾಗಿ ಅವನದು ಒಂದೇ ಉತ್ತರ, ಮುಂದಿನ ವರ್ಷ ನೋಡೋಣ. ಕೊನೆಗೆ ಆತುರ ಹುಟ್ಟಿಸಿದ್ದು ಕಣ್ಣಿನ ಡಾಕ್ಟರು. ಅವಳ ದೃಷ್ಟಿ ಇಳಿಯುತ್ತಿದೆ, ಇದಕ್ಕೆ ಮದ್ದಿಲ್ಲ, ನೋಡುವುದೇನಾದರೂ ಇದ್ದರೆ ಬೇಗ ನೋಡಿಬಿಡಲಿ ಎಂದರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಅವನು ಮರುದಿನವೇ ರಜೆಗೆ ಬರೆದುಕೊಟ್ಟ. ಮಂಜೂರಾಗಲು ತಿಂಗಳು ಹಿಡಿಯಿತು.

ಸೀಟು ಎಡಗಡೆಯದೇ, ಕಿಟಕಿಯ ಪಕ್ಕದ್ದೇ. ಬೇರೆ ಹೇಗಿದ್ದೀತು? ನಿಲ್ದಾಣದಲ್ಲಿ ಅವಳು ಅವನ ತೋಳು ಬಿಡದೆ ನಡೆದಳು. ಹೊಸ ಪ್ರಯಾಣ, ಅಂಜಿಕೆಯಿರಬೇಕು ಎಂದುಕೊಂಡ.

ಬೆಟ್ಟದ ಬುಡದ ಜಂಕ್ಷನ್ನಿನಲ್ಲಿ ಎಂಜಿನ್ನನ್ನು ಮುಂದಿನಿಂದ ಕಳಚಿ ಹಿಂದಿನ ತುದಿಗೆ ಜೋಡಿಸಿದರು. ರೈಲು ಹಿಮ್ಮುಖವಾಗಿ ಹೊರಟು, ಬೇರೆ ಹಳಿ ಹಿಡಿದು ಬೆಟ್ಟ ಹತ್ತತೊಡಗಿತು. ಅವನ ಎಡಗಡೆ ಬಲಗಡೆಯಾಗಿಬಿಟ್ಟಿತು. ಕಣಿವೆ, ಶಿಖರ ಎಲ್ಲ ಆಚೆಯ ಸಾಲಿನವರ ಪಾಲು. ಇವಳ ಕಿಟಕಿಗೆ ಮೊಳದ ದೂರದಲ್ಲಿ ಬರೀ ಕಡಿದ ಬಂಡೆಯ ಗೋಡೆ. ಎಂಜಿನ್ ತುದಿ ಬದಲಿಸುವ ಸಂಗತಿ ನಕ್ಷೆಯಲ್ಲಿ ಇರಲಿಲ್ಲ. ಅವನ ಮಾತು ನಂಬಿ ಗೋಡೆ ನೋಡಿ ಬಂದವರು ದೂರು ಹೇಳಲೆಂದು ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆಯೇ?

ಅವನು ದಡಬಡಿಸಿ ಎದ್ದು ಆಚೆಯವರನ್ನು ಬೇಡಿಕೊಂಡ; ವಯಸ್ಸಾದವರೊಬ್ಬರು ಪಾಪ, ಜಾಗ ಬಿಡಲು ಎದ್ದೂ ನಿಂತರು. ಹೆಂಡತಿಯೇ ಬೇಡವೆಂದು ಅವನನ್ನು ಎಳೆದು ಕೂರಿಸಿದಳು. ರೈಲು ಮನುಷ್ಯ ನಡೆದಷ್ಟೇ ನಿಧಾನಕ್ಕೆ ಏರುತ್ತಿತ್ತು. ಅವಳು ಕಿಟಕಿಯ ಸರಳಿಗೆ ಮುಖ ಒತ್ತಿ ಬಂಡೆಯನ್ನೇ ನೋಡಿದಳು. ಉಳಿಯ ಗೀರು, ಪಾಚಿ, ಜಿನುಗುವ ನೀರು, ಬಿರುಕಿನಲ್ಲಿ ಅಂಗಿಯ ಗುಂಡಿಯಷ್ಟೇ ಸಣ್ಣ ಬಿಳಿ ಹೂವು, ಒಂದೊಂದನ್ನೂ ಅವನಿಗೆ ತೋರಿಸಿದಳು.

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತಾರೆ. ನಂಗೆ ಹತ್ತಿರದ್ದೇ ಸಿಕ್ತಲ್ಲ, ಬಿಡಿ," ಎಂದು ನಕ್ಕಳು.

ತನ್ನನ್ನು ಸಮಾಧಾನ ಮಾಡುತ್ತಿದ್ದಾಳೆ ಎನಿಸಿ ಅವನಿಗೆ ಇನ್ನಷ್ಟು ಸಂಕಟವಾಯಿತು.

ಮರುದಿನ ಬೆಳಿಗ್ಗೆ ಶಿಖರ ತೋರಿಸಲು ಹೋಗುವ ಬಸ್ಸು. ಈ ಸಲ ಅವನು ತನ್ನ ಪಾಂಡಿತ್ಯವನ್ನು ನಂಬಲಿಲ್ಲ. ಕಂಡಕ್ಟರನ್ನು ಎರಡು ಸಲ, ಡ್ರೈವರನ್ನು ಒಂದು ಸಲ ಕೇಳಿ, ಎಲ್ಲರಿಗಿಂತ ಮುಂದಿನ ಸೀಟು ಹಿಡಿದ. ಐದಾರು ತಿರುವು ಕಳೆಯುತ್ತಲೇ ಗಾಜಿನಾಚೆ ಶಿಖರ ಎದ್ದು ನಿಂತಿತು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಚಿತ್ರಪಟ ಸುಳ್ಳು ಹೇಳಿರಲಿಲ್ಲ, ಹೇಳಿದ್ದು ಏನೇನೂ ಸಾಲದಾಗಿತ್ತು. ಅವನು ಖುಷಿಯಿಂದ ಹೆಂಡತಿಯ ಕಡೆ ತಿರುಗಿದ.

ಅವಳ ಕಣ್ಣುಗಳು ತೆರೆದೇ ಇದ್ದವು. ಆದರೆ ನೋಟ ಶಿಖರದತ್ತ ಇರಲಿಲ್ಲ. ಪಕ್ಕದಲ್ಲೆಲ್ಲೋ, ಏನೂ ಇಲ್ಲದ ಕಡೆ ಮುಖಮಾಡಿ ತಾಳ್ಮೆಯಿಂದ ಕಾಯುತ್ತಿದ್ದಳು.

"ಬಂತೇನ್ರೀ?" ಎಂದು ಕೇಳಿದಳು.

ತೋಳು ಹಿಡಿದು ನಡೆದದ್ದು, ಸೀಟು ಬದಲಿಸಲು ಬಿಡದಿದ್ದದ್ದು, ಎಲ್ಲ ಅವನಿಗೆ ಆಗ ಅರ್ಥವಾಯಿತು. ಕೈಯಳತೆಯಾಚೆ ಅವಳಿಗೇನೂ ಉಳಿದಿರಲಿಲ್ಲ. ಯಾವಾಗಿನಿಂದ ಎಂದು ಕೇಳಿದ. ಹದಿನೈದು ದಿನವಾಯಿತು, ಹೇಳಿದ್ದರೆ ನೀವು ಹೊರಡುತ್ತಿರಲಿಲ್ಲ, ನಿಮಗೂ ನೋಡುವ ಆಸೆಯಿತ್ತಲ್ಲ ಎಂದಳು.

"ಕೌಂಟರಿಗೆ ಬಂದೋರಿಗೆಲ್ಲ ಹೇಳ್ತಿದ್ರಲ್ಲ, ನಂಗೂ ಹೇಳಿ. ಹೇಗಿದೆ?"

ಮೂವತ್ತು ವರ್ಷ ಸರಾಗವಾಗಿ ವರ್ಣಿಸಿದವನು ಮತ್ತೊಮ್ಮೆ ಶಿಖರದತ್ತ ನೋಡಿದ. ಇಷ್ಟು ಚೆನ್ನಾಗಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಹೋದ ವರ್ಷ ಬಂದಿದ್ದರೆ ಇಷ್ಟೂ ಅವಳದಾಗುತ್ತಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಮೋಡ ಕಣೇ," ಎಂದ. "ಪೂರ್ತಿ ಮೋಡ. ಯಾರಿಗೂ ಏನೂ ಕಾಣಿಸ್ತಿಲ್ಲ."

ಅಷ್ಟರಲ್ಲಿ ಹಿಂದಿನ ಸೀಟಿನ ಹೆಂಗಸು, ಹಿಮ ನೋಡಿ, ಹಿಮ ಎಂದು ಕೂಗಿದಳು. ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ಯಾರೋ ಚಪ್ಪಾಳೆ ಹೊಡೆದರು.

ಹೆಂಡತಿ ಅವನ ಕೈ ಹಿಡಿದುಕೊಂಡಳು.

"ಮೋಡ ಅಲ್ವಾ, ಇರ್ಲಿ ಬಿಡಿ," ಎಂದಳು. "ಮುಂದಿನ ವರ್ಷ ನೋಡೋಣ."