ಅಳತೆ ಪುಸ್ತಕದ ಉಳಿದ ಹಾಳೆಗಳು

ಹೊಲಿಗೆ ಅಂಗಡಿಯಲ್ಲಿ ಎಷ್ಟಿದ್ದರೂ ಸಾಲದ್ದು ಎರಡು. ಒಂದು ಬೆಳಕು, ಇನ್ನೊಂದು ಗಟ್ಟಿ ಕಾಗದ. ಬೆಳಕಿಗಾದರೆ ಮಿಷನ್ನನ್ನು ಕಿಟಕಿಯ ಹತ್ತಿರ ಎಳೆದುಕೊಳ್ಳಬಹುದು. ಕಾಗದಕ್ಕೇನು ಮಾಡುವುದು? ಕಾಲರು, ಜೇಬು, ತೋಳಿನ ಪಟ್ಟಿ, ಎಲ್ಲಕ್ಕೂ ಮೊದಲು ಕಾಗದದಲ್ಲಿ ಅಚ್ಚು ಕತ್ತರಿಸಬೇಕು. ಅದನ್ನು ಬಟ್ಟೆಯ ಮೇಲಿಟ್ಟು ಸುತ್ತಲೂ ಸೀಮೆಸುಣ್ಣದ ಗೆರೆ ಎಳೆಯಬೇಕು. ಸುದ್ದಿಪತ್ರಿಕೆಯ ಅಚ್ಚು ನಾಲ್ಕು ಅಂಗಿಗೇ ಹರಿದು ಚಿಂದಿಯಾಗುತ್ತದೆ.

ಬೀದಿ ಕೊನೆಯ ಹೊಲಿಗೆಯವಳಿಗೆ ಈ ತಾಪತ್ರಯ ಹೋದ ವರ್ಷವೇ ತೀರಿತ್ತು. ಬಟ್ಟೆಯನ್ನೂ ಎದುರಿನವರ ಮಾತನ್ನೂ ಒಂದೇ ವೇಗದಲ್ಲಿ ಕತ್ತರಿಸುತ್ತಾಳೆಂದು ಎಲ್ಲರೂ ಅವಳನ್ನು ಕತ್ತರಿಯಕ್ಕ ಎನ್ನುತ್ತಿದ್ದರು. ಅಟ್ಟ ಗುಡಿಸುವಾಗ ಅವಳಿಗೆ ಮಾವನ ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಒಂದಿಷ್ಟು ಕಾಗದಪತ್ರ, ಎರಡು ಮಾಸಿದ ಫೋಟೋ, ಜೊತೆಗೆ ದಪ್ಪನೆಯ ಒಂದು ಪುಸ್ತಕ. ಅದರ ಹಾಳೆಗಳೋ, ರಟ್ಟಿನಷ್ಟು ಗಟ್ಟಿ.

"ಮಾವ, ಇದು ಬೇಕಾ ನಿಮಗೆ?"

"ನನಗ್ಯಾಕಮ್ಮ? ತಗೋ, ತಗೋ."

ಅಷ್ಟೇ. ಕತ್ತರಿಯಕ್ಕ ಒಂದೊಂದೇ ಹಾಳೆ ಕಿತ್ತು ಇಪ್ಪತ್ತಾರು ಅಚ್ಚು ಮಾಡಿಕೊಂಡಳು. ಆ ಇಪ್ಪತ್ತಾರರಲ್ಲಿ ಒಂದು, ಯಾರದೋ ಅಪ್ಪ ಈ ಲೋಕದಲ್ಲಿ ಬಿಟ್ಟುಹೋದ ಒಂದೇ ಒಂದು ಗುರುತಾಗಿತ್ತು ಎಂಬುದು ಪಾಪ, ಅವಳಿಗೆ ಹೇಗೆ ಗೊತ್ತಾಗಬೇಕು?

ಒಂದು ಬೆಳಿಗ್ಗೆ ಆ ಬೀದಿಗೆ ಕಾಗದ ಹಂಚುವ ಅಂಚೆಯಮ್ಮ ಹೊಸ ಯೂನಿಫಾರ್ಮಿಗೆ ಅಳತೆ ಕೊಡಲು ಬಂದಳು. ಹೆಂಗಸರ ಅಳತೆ ತೆಗೆಯುವಾಗ ಮಾವ ಎದ್ದು ಹೊರಗಿನ ಬೆಂಚಿಗೆ ಹೋಗುವುದು ರೂಢಿ. ಇತ್ತ ಪರದೆಯ ಹಿಂದೆ ಕತ್ತರಿಯಕ್ಕನ ಪಾಡು ಯಾರಿಗೂ ಬೇಡ. ಟೇಪು ಪಕ್ಕೆಗೆ ತಾಗುವ ಮೊದಲೇ ಅಂಚೆಯಮ್ಮ ಕಿಸಕ್ಕನೆ ನಕ್ಕು ಮಾರುದ್ದ ಹಾರುತ್ತಿದ್ದಳು.

"ಐವತ್ತು ದಾಟಿತಲ್ಲೇ ನಿನಗೆ! ಇನ್ನೂ ಏನಿದು ಕಚಗುಳಿ? ನೆಟ್ಟಗೆ ನಿಲ್ಲು!"

"ಏನ್ ಮಾಡ್ಲಕ್ಕಾ, ಹುಟ್ಟಿನಿಂದ ಬಂದಿದ್ದು. ನಮ್ಮಮ್ಮಂಗೆ ಇರ್ಲಿಲ್ಲ. ಎಲ್ಲಿಂದ ಅಂಟಿಕೊಳ್ತೋ ಏನೋ!"

ಮೂರನೇ ಸಲಕ್ಕೆ ಅಳತೆ ಸಿಕ್ಕಿತು. ಕಣ್ಣೊರೆಸಿಕೊಳ್ಳುತ್ತ, ಇನ್ನೂ ನಗುತ್ತಲೇ ಅಂಚೆಯಮ್ಮ ಸೈಕಲ್ ಹತ್ತಿದಳು.

ಮಧ್ಯಾಹ್ನ ಗ್ರಂಥಾಲಯದ ಮೇಡಂ ಕಿತ್ತುಹೋದ ಕೈಚೀಲ ಹಿಡಿದು ಬಂದರು. ಹೊಲಿಯುವವರೆಗೆ ಸುಮ್ಮನೆ ಕೂರಲಾಗದೆ ಮೇಜಿನ ಮೇಲಿದ್ದ ತೋಳುಪಟ್ಟಿಯ ಅಚ್ಚನ್ನು ಎತ್ತಿಕೊಂಡರು. ಹಿಂದೆ ಮುಂದೆ ತಿರುಗಿಸಿದರು. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ಎದೆ ಮೂವತ್ತಾರು. ಬಲಭುಜ ಅರ್ಧ ಇಂಚು ಇಳಿದಿದೆ, ಹಲಗೆ ಹೊತ್ತು ಹೊತ್ತು. ಆ ಕಡೆ ಎರಡು ಪದರ ಬಟ್ಟೆ ಕೊಡಬೇಕು. ಅಕ್ಕಾ, ಏನಿದು? ಯಾರು ಬರೆದಿದ್ದು?"

"ಅಯ್ಯೋ, ಅದಾ? ನಮ್ಮ ಮಾವನ ಹಳೇ ಅಳತೆ ಪುಸ್ತಕ ಮೇಡಂ. ಸೈನ್ಯದಲ್ಲಿ ದರ್ಜಿಯಾಗಿದ್ರು."

"ಸೈನ್ಯದಲ್ಲಿದ್ರಾ? ಇಷ್ಟು ವರ್ಷ ಒಂದು ಮಾತು ಹೇಳಿಲ್ವಲ್ಲ ನೀವು! ಹಳೇ ಸೈನಿಕರ ನೆನಪು, ಮನೆಮನೆಯ ಹಳೇ ಕಾಗದ ಎಲ್ಲ ಉಳಿಸಿಡೋಣ ಅಂತ ನಾವು ಮೂರು ತಿಂಗಳಿಂದ ಓಡಾಡ್ತಿದ್ದೀವಿ."

ಬೆಂಚಿನ ಮೇಲಿದ್ದ ಮಾವ ಅಲ್ಲಿಂದಲೇ ಕೈಯಾಡಿಸಿದರು. "ತಾಯಿ, ನಾನು ಗುಂಡು ಹಾರಿಸಿದೋನಲ್ಲ, ಗುಂಡಿ ಹಚ್ಚಿದೋನು. ಪದಕ ಇಲ್ಲ, ಗಾಯ ಇಲ್ಲ. ಸೂಜಿ ಚುಚ್ಚಿಸಿಕೊಂಡಿದ್ದು ಲೆಕ್ಕಕ್ಕೆ ಬಂದ್ರೆ ಮಾತ್ರ ನಾನು ವೀರ!"

"ಕೇಳಿದ್ರಲ್ಲ ಮೇಡಂ," ಎಂದಳು ಕತ್ತರಿಯಕ್ಕ, ದಾರ ಹಲ್ಲಿನಲ್ಲಿ ಕಡಿಯುತ್ತ. "ದೊಡ್ಡೋರ ಕಥೆ ಆದ್ರೆ ಬರೆದಿಡಬೇಕು. ನಮ್ಮಂಥೋರ ಮನೆ ಕಾಗದ ಇಟ್ಟುಕೊಂಡು ಯಾರು ಏನು ಮಾಡ್ತಾರೆ? ನನಗಂತೂ ಅಚ್ಚಿಗೆ ಬಂತು, ಅದೇ ಪುಣ್ಯ."

ಮೇಡಂ ಜಗಳಕ್ಕೆ ಬೀಳಲಿಲ್ಲ. "ದೊಡ್ಡೋರ ಕಥೆ ಹೇಗಾದ್ರೂ ಉಳಿಯುತ್ತೆ ಅಕ್ಕಾ, ಬರೆಯೋಕೆ ಹತ್ತು ಜನ ಇರ್ತಾರೆ. ಈ ಬಲಭುಜ ಇಳಿದೋನದು? ನಿಮ್ಮ ಮಾವನ್ನ ಬಿಟ್ರೆ ಅವನ ಭುಜ ಯಾರು ನೋಡಿದ್ರು ಹೇಳಿ? ಒಂದು ವಾರ ಟೈಮ್ ಕೊಡಿ. ಪುಸ್ತಕ ನಿಮ್ಮ ಮನೇಲೇ ಇರ್ಲಿ. ನಾನು ಫೋಟೋ ತಗೋತೀನಿ, ಅವರ ಮಾತು ಫೋನಲ್ಲಿ ಹಿಡಿದಿಡ್ತೀನಿ, ಅಷ್ಟೇ. ಅಲ್ಲಿವರೆಗೆ ಇನ್ನೊಂದು ಹಾಳೆ ಕತ್ತರಿಸಬೇಡಿ."

"ಆಯ್ತು ಮೇಡಂ. ನಿಮ್ಮ ಚೀಲದ ಮೇಲಾಣೆ," ಎಂದು ನಕ್ಕಳು ಕತ್ತರಿಯಕ್ಕ. ಮನಸ್ಸಿನಲ್ಲಿ ಮಾತ್ರ, ಒಂದು ವಾರ ಕಾಲಹರಣ ಎಂದುಕೊಂಡಳು.

ಮರುದಿನ ಮೇಡಂ ಬಂದು ಮಾವನ ಪಕ್ಕ ಕೂತು, "ಯುದ್ಧದ ಬಗ್ಗೆ ಹೇಳಿ," ಎಂದರು. ಮಾವ ಬಾಯಿಗೆ ಬೀಗ ಹಾಕಿಕೊಂಡವರಂತೆ ಕುಳಿತರು. ಮೇಡಂ ಪ್ರಶ್ನೆ ಬದಲಿಸಿದರು. "ಹೋಗ್ಲಿ ಬಿಡಿ. ನಿಮ್ಮ ಮಿಷನ್ ಎಲ್ಲಿಟ್ಟಿದ್ರಿ?"

"ಎಲ್ಲಿ ಅಂತೀರಿ! ಲಾರಿ ಮೇಲೆ! ನಮ್ಮದು ಸೇತುವೆ ಕಟ್ಟೋ ದಳ. ಹೊಳೆ ಸಿಕ್ಕಿದಲ್ಲೆಲ್ಲ ಬಿಡಾರ. ಲಾರಿ ಅಲ್ಲಾಡಿದ್ರೆ ಹೊಲಿಗೆ ಸೊಟ್ಟ. ಮೇಜರ್ ಸಾಹೇಬರ ಪ್ಯಾಂಟಿನ ಒಂದು ಕಾಲು ಗಿಡ್ಡ ಆಗಿ, ಮೂರು ದಿನ ಅವರು ಒಂದೇ ಕಾಲು ಮುಂದಿಟ್ಟುಕೊಂಡು ನಿಂತರು..."

ಶುರುವಾಗಿದ್ದು ನಿಲ್ಲಲೇ ಇಲ್ಲ. ಕತ್ತರಿಯಕ್ಕ ಮಿಷನ್ ತುಳಿಯುವುದನ್ನು ಮರೆತು ಕೇಳುತ್ತಿದ್ದಳು. ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಮಾವನಿಗೆ ಈಜು ಬರುತ್ತದೆ ಎಂಬುದು ಅವಳಿಗೆ ಗೊತ್ತಾದದ್ದು ಅಂದು.

ಮಾವ ಇನ್ನೊಂದು ಮಾತನ್ನೂ ಹೇಳಿದರು. ಒಂದು ಸಲ ಸೇತುವೆಯ ಮೇಲೆ ಬಾಂಬು ಬಿದ್ದು ಹದಿನಾಲ್ಕು ಜನ ಹೋದರು. ಹಿಂದಿನ ವಾರವಷ್ಟೇ ಅವರೆಲ್ಲರಿಗೂ ಹೊಸ ಅಂಗಿಗೆ ಅಳತೆ ತೆಗೆದಿದ್ದರಂತೆ. "ಅಳತೆ ಉಳೀತು. ಹಾಕ್ಕೊಳ್ಳೋರು ಉಳೀಲಿಲ್ಲ. ಅದಕ್ಕೇ ಪುಸ್ತಕ ಎಸೆಯೋಕೆ ಆಗಲಿಲ್ಲ, ತೆಗೆದು ನೋಡೋಕೂ ಆಗಲಿಲ್ಲ. ಅಟ್ಟಕ್ಕೆ ಹಾಕಿಬಿಟ್ಟೆ."

ಕತ್ತರಿಯಕ್ಕ ಮಿಷನ್ ಬಿಟ್ಟು ಎದ್ದು ಬಂದಳು. "ಮತ್ತೆ ನಾನು ಕೇಳಿದಾಗ ಯಾಕೆ ಕೊಟ್ರಿ ಮಾವ?"

"ನೀನಾದ್ರೂ ಅಂಗಿ ಹೊಲೀತೀಯಲ್ಲ ಅಂತ."

ಮೇಡಂ ಗ್ರಂಥಾಲಯದ ಸೂಚನಾ ಹಲಗೆಗೆ ಒಂದು ಚೀಟಿ ಅಂಟಿಸಿದರು: ಸೇತುವೆ ದಳದ ದರ್ಜಿಯೊಬ್ಬರ ಅಳತೆ ಪುಸ್ತಕ ನಮ್ಮೂರಿನಲ್ಲೇ ಇದೆ, ಸಂಬಂಧಪಟ್ಟವರು ಇದ್ದರೆ ತಿಳಿಸಿ.

ಮೂರನೇ ದಿನ ಅಂಚೆಯಮ್ಮ ಓಡೋಡಿ ಬಂದು ಅಂಗಡಿಗೆ ನುಗ್ಗಿದಳು. ಅಂಚೆಚೀಲವನ್ನು ಗ್ರಂಥಾಲಯದಲ್ಲೇ ಬಿಟ್ಟು ಬಂದಿದ್ದಳು. ಚೀಲವಿಲ್ಲದ ಅವಳನ್ನು ಆ ಬೀದಿ ನೋಡಿದ್ದು ಅದೇ ಮೊದಲು. ಹಿಂದೆಯೇ ಆ ಚೀಲ ಹೊತ್ತು ಏದುಸಿರು ಬಿಡುತ್ತ ಮೇಡಂ ಬಂದರು.

"ಯಜಮಾನ್ರೇ, ನಮ್ಮಪ್ಪ ಸೇತುವೆ ದಳದಲ್ಲೇ ಇದ್ದಿದ್ದು. ನಾನು ಹುಟ್ಟೋಕೆ ಎರಡು ತಿಂಗಳಿದ್ದಾಗ ಹೋದರು. ಒಂದು ಫೋಟೋನೂ ಇಲ್ಲ. ಎತ್ತರಾನಾ, ಕುಳ್ಳಾನಾ, ಏನೂ ಗೊತ್ತಿಲ್ಲ. ಊರೋರಿಗೆಲ್ಲ ಕಾಗದ ಕೊಟ್ಟೆ, ನನ್ನ ಹೆಸರಿಗೆ ಅವರದ್ದು ಒಂದು ಗೀಟು ಇಲ್ಲ. ಅಮ್ಮನ ಪಿಂಚಣಿ ಪುಸ್ತಕದಲ್ಲಿ ಅವರ ಸೈನ್ಯದ ನಂಬರ್ ಇತ್ತು. ಬಾಯಿಪಾಠ ಬರುತ್ತೆ. ನಾಲ್ಕು, ಸೊನ್ನೆ, ಒಂಬತ್ತು, ಏಳು."

ಪುಸ್ತಕದಲ್ಲಿ ಹೆಸರಿರಲಿಲ್ಲ; ಪ್ರತಿ ಹಾಳೆಯ ತಲೆಯ ಮೇಲೆ ನಂಬರು ಮಾತ್ರ. ಉಳಿದ ಮೂವತ್ತೆಂಟು ಹಾಳೆಗಳನ್ನು ಮೇಡಂ ಒಂದೊಂದಾಗಿ ತಿರುಗಿಸಿದರು. ನಾಲ್ಕು ಸೊನ್ನೆ ಒಂಬತ್ತು ಆರು ಇತ್ತು. ಅದರ ಮುಂದೆ ಕಿತ್ತ ಹಾಳೆಯ ಬುಡ. ಅದಾದ ಮೇಲೆ ಎಂಟು.

ಯಾರೂ ಕತ್ತರಿಯಕ್ಕನ ಕಡೆ ನೋಡಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ಇರಿ, ಇರಿ," ಎಂದು ಅವಳು ಗೋಡೆಯ ಮೊಳೆಗಳಿಂದ ಅಚ್ಚುಗಳನ್ನೆಲ್ಲ ಕಿತ್ತು ಮೇಜಿನ ಮೇಲೆ ಸುರಿದಳು. ಇಪ್ಪತ್ತಾರರಲ್ಲಿ ಒಂಬತ್ತು ಸವೆದು ಹೋಗಿ ಒಲೆ ಸೇರಿದ್ದವು. ಉಳಿದವು ಹದಿನೇಳು. ಕಾಲರು, ಅಲ್ಲ. ತೋಳುಪಟ್ಟಿ, ಅಲ್ಲ. ಕೆಲವದರಲ್ಲಿ ನಂಬರೇ ಕತ್ತರಿಸಿ ಹೋಗಿತ್ತು. ಹದಿನಾಲ್ಕು ನೋಡಿಯಾಯಿತು. ಇನ್ನು ಮೂರೇ ಉಳಿದಿದ್ದವು.

ಹದಿನೈದನೆಯದು ಶಾಲೆಯ ಅಂಗಿಯ ಜೇಬಿನ ಅಚ್ಚು. ಆ ಜೇಬನ್ನು ಎದೆಯ ಮೇಲಿಟ್ಟುಕೊಂಡು ನಲವತ್ತು ಮಕ್ಕಳು ಶಾಲೆಗೆ ಹೋಗಿದ್ದರು. ತಿರುಗಿಸಿದಳು. ಮೇಲೆ ನಾಲ್ಕು, ಸೊನ್ನೆ, ಒಂಬತ್ತು, ಏಳು.

"ಓದಕ್ಕಾ," ಎಂದಳು ಅಂಚೆಯಮ್ಮ, ಕಣ್ಣು ಮುಚ್ಚಿಕೊಂಡು.

"ಉದ್ದ ಇಪ್ಪತ್ತೊಂಬತ್ತು. ಎದೆ ಮೂವತ್ತೆಂಟು. ಭುಜ ಹದಿನೇಳೂವರೆ. ಕುತ್ತಿಗೆ ಹದಿನೈದು..." ಕತ್ತರಿಯಕ್ಕ ನಿಂತಳು. ಮುಂದಿನ ಸಾಲನ್ನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಗಟ್ಟಿಯಾಗಿ ಓದಿದಳು. "ಮಹಾ ಕಚಗುಳಿ ಆಸಾಮಿ. ಮೂರು ಸಲ ಅಳೆದೆ."

ಬೆಂಚಿನಿಂದ ಮಾವ ಎದ್ದು ಬಂದರು. "ಅವನಾ! ಅಯ್ಯೋ ಅವನಾ! ಟೇಪು ನೋಡಿದ್ರೇ ನಗೋನು. ಒಂದ್ಸಲ ಲಾರಿಯಿಂದ ಹೊಳೆಗೇ ಹಾರಿಬಿಟ್ಟ! ಹಿಂದೆ ನಾನೂ ಹಾರಿ ಒದ್ದೆ ಮೈಗೇ ಅಳತೆ ತಗೊಂಡೆ. ನೀನು ಅವನ ಮಗಳೇನವ್ವಾ?"

ಅಂಚೆಯಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ. "ಅಕ್ಕಾ, ಅಂಟಿದ್ದು ಎಲ್ಲಿಂದ ಅಂತ ಗೊತ್ತಾಯ್ತು!"

ಆಮೇಲೆ ಅವಳು ಕೇಳಿದ್ದು ಒಂದೇ. "ಆ ಅಳತೆಗೆ ಒಂದು ಅಂಗಿ ಹೊಲಿದುಕೊಡ್ತೀರಾ ಚಿಕ್ಕಪ್ಪ? ಪಕ್ಕದಲ್ಲಿ ನಿಂತು ನೋಡ್ಬೇಕು."

ಯಜಮಾನರು ಚಿಕ್ಕಪ್ಪನಾದದ್ದನ್ನು ಎಲ್ಲರೂ ಗಮನಿಸಿದರು. ಆದರೆ ಕತ್ತರಿಯಕ್ಕ ತಲೆ ತಗ್ಗಿಸಿದಳು. ಜೇಬಿನ ಅಚ್ಚಿಗೆ ಕೆಳಗಿನ ಮೂಲೆಗಳನ್ನು ಓರೆಯಾಗಿ ಕತ್ತರಿಸಬೇಕು. ಆ ಮೂಲೆಯಲ್ಲೇ ತೋಳಿನ ಅಳತೆ ಹೋಗಿತ್ತು. "ತೋಳು" ಎಂಬ ಮಾತು ಉಳಿದಿತ್ತು, ಅಂಕಿ ಇರಲಿಲ್ಲ. ಮಾವನಿಗೂ ಅದು ನೆನಪಾಗಲಿಲ್ಲ.

"ನಾನೇ ಕತ್ತರಿಸಿದ್ದು. ತಪ್ಪಾಯ್ತು ಕಣೇ," ಎಂದಳು. ಯಾರ ಮಾತನ್ನೂ ಪೂರ್ತಿ ಕೇಳದ ಕತ್ತರಿಯಕ್ಕ ಅಂದು ಉತ್ತರಕ್ಕೆ ಕಾದು ನಿಂತಳು.

"ತೋಳು ತಾನೇ?" ಎಂದಳು ಅಂಚೆಯಮ್ಮ, ಕೈ ಚಾಚಿ. "ಕಚಗುಳಿ ಕೊಟ್ಟೋರು ತೋಳು ಕೊಟ್ಟಿರಲ್ವಾ? ನಂದೇ ತಗೋ."

ಮಾವ ಕತ್ತರಿಯಕ್ಕನ ಕೊರಳಿನಿಂದ ಟೇಪು ತೆಗೆದುಕೊಂಡರು. ಹತ್ತು ವರ್ಷದಿಂದ ಅವರು ಟೇಪು ಮುಟ್ಟಿರಲಿಲ್ಲ. ಭುಜದ ಮೇಲೆ ತುದಿ ಇಟ್ಟರು. ಕಿಸಕ್! ಟೇಪು ಹಾರಿತು. ಇನ್ನೊಮ್ಮೆ ಇಟ್ಟರು. ಮತ್ತೆ ಹಾರಿತು.

"ಹೂಂ," ಎಂದರು ಮಾವ, ಕಣ್ಣು ತುಂಬಿ ನಗುತ್ತ. "ಮೂರನೇದಕ್ಕೆ ನಿಲ್ಲುತ್ತೆ. ನನಗೆ ಗೊತ್ತು."

ಅಂಗಿ ನಾಲ್ಕು ದಿನದಲ್ಲಿ ಸಿದ್ಧವಾಯಿತು. ಅಂಚೆಯಮ್ಮ ಅದನ್ನು ತನ್ನ ಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ ಅದರ ಭುಜಕ್ಕೆ ಭುಜ ಕೊಟ್ಟು ನಿಂತು ನೋಡಿದಳಂತೆ. ಅಪ್ಪ ಕುಳ್ಳನಾಗಿರಲಿಲ್ಲ.

ಉಳಿದ ಹಾಳೆ, ಉಳಿದ ಅಚ್ಚು ಎಲ್ಲದರ ಫೋಟೋ ಈಗ ಗ್ರಂಥಾಲಯದಲ್ಲಿದೆ, ಮಾವನ ದನಿಯೂ ಇದೆ. ಪುಸ್ತಕ ಕತ್ತರಿಯಕ್ಕನ ಕಪಾಟಿನಲ್ಲಿದೆ. ಒಗೆದ ಹತ್ತಿಬಟ್ಟೆಯಲ್ಲಿ ಅವಳೇ ಅದಕ್ಕೊಂದು ಚೀಲ ಹೊಲಿದಿದ್ದಾಳೆ. ಹಾಳೆಗಳನ್ನು ಅಂಟುಟೇಪಿನಿಂದ ಅಂಟಿಸೋಣವೇ, ಪ್ಲಾಸ್ಟಿಕ್ ಹಚ್ಚಿಸಿ ಲ್ಯಾಮಿನೇಷನ್ ಮಾಡಿಸೋಣವೇ ಎಂದು ಕೇಳಿದ್ದಳು. "ಬೇಡವೇ ಬೇಡ," ಎಂದಿದ್ದರು ಮೇಡಂ. "ಅಂಟು ಕಾಗದವನ್ನ ತಿನ್ನುತ್ತೆ, ಒಂದ್ಸಲ ಪ್ಲಾಸ್ಟಿಕ್ ಹಚ್ಚಿಸಿದ್ರೆ ಬಿಡಿಸೋಕಾಗಲ್ಲ. ನಿಮ್ಮ ಗುಂಡುಪಿನ್ನೂ ಬೇಡ, ತುಕ್ಕು ಹಿಡಿಯುತ್ತೆ. ಮಿಷನ್ ಎಣ್ಣೆ ಕೈ ತೊಳೆದು ಒರೆಸಿಕೊಂಡು ಮುಟ್ಟಿ, ಸಾಕು." ಈಗ ಯಾರು ಹಳೇ ಕಾಗದ ರದ್ದಿಗೆ ಹಾಕಲು ಹೊರಟರೂ ಕತ್ತರಿಯಕ್ಕನೇ ಅಡ್ಡ ನಿಂತು ಕೇಳುತ್ತಾಳೆ: "ಓದಿ ನೋಡಿದ್ರಾ?"

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಂದು ಪೆಟ್ಟಿಗೆ ಇದೆ. ಅಟ್ಟದ ಸೆಕೆ, ಅಡುಗೆಮನೆಯ ಹೊಗೆ, ಬಚ್ಚಲಿನ ತೇವ ಮೂರರಿಂದಲೂ ಅದನ್ನು ದೂರ ಇಡಿ. ಫೋಟೋದ ಹಿಂದೆ ಪೆನ್ಸಿಲಿನಿಂದ ಮೆಲ್ಲಗೆ ಯಾರು, ಯಾವಾಗ ಎಂದು ಬರೆಯಿರಿ. ಪ್ರತಿ ಹಾಳೆಯ ಫೋಟೋ ತೆಗೆದಿಟ್ಟು ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡಿ, ಮೂಲವನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಹಿರಿಯರ ಒಪ್ಪಿಗೆ ಪಡೆದು ಅವರ ಮಾತನ್ನು ಫೋನಿನಲ್ಲಿ ಹಿಡಿದಿಡಿ. ಯುದ್ಧ ಹೇಗಿತ್ತು ಎಂದು ಕೇಳಬೇಡಿ, ಮಿಷನ್ ಎಲ್ಲಿಟ್ಟಿದ್ದಿರಿ ಎಂದು ಕೇಳಿ. ಅವರು ಹೇಳಲಾರದ್ದನ್ನು ಒತ್ತಾಯಿಸಬೇಡಿ. ಕಾಯಿರಿ, ಅದು ತಾನಾಗಿ ಬರುತ್ತದೆ. ಕತ್ತರಿಯಕ್ಕನ ಒಲೆ ಸೇರಿದ ಒಂಬತ್ತು ಹಾಳೆಗಳನ್ನು ಯಾರೂ ಮರಳಿ ತರಲಾರರು. ನಿಮ್ಮ ಪೆಟ್ಟಿಗೆಯಲ್ಲಿ ಇನ್ನೂ ಎಲ್ಲ ಇದೆ. ಇವತ್ತೇ ಕೆಳಗಿಳಿಸಿ.